ಲೋಟದಲ್ಲಿ ಇಳಿದ ಬಿಳಿ ಎಳೆ

ಕೋಲಾರದ ನಮ್ಮ ತೋಟದಲ್ಲಿ ಅಪ್ಪ ಅಂದು ಹನಿ ನೀರಾವರಿಯ ವಾಲ್ವ್ ತಿರುಗಿಸಿದ್ದು ಅದು ಮೂರನೆಯ ಸಲ. ಕಾಯಿ ಕಚ್ಚಿದ್ದ ಟೊಮೆಟೊ ಗಿಡಗಳು ಹಳದಿಗೂ ತಿರುಗದೆ, ಹಸಿರಾಗಿಯೇ ಜೋತುಬಿದ್ದಿದ್ದವು. "ನೀರು ಸಾಲುತ್ತಿಲ್ಲ ಕಣಮ್ಮ" ಎಂದರು. ಬುಡದ ಮಣ್ಣು ಮಾತ್ರ ಮುದ್ದೆ ಕಟ್ಟುವಷ್ಟು ಒದ್ದೆಯಾಗಿತ್ತು.

ಒಂದು ಗಿಡ ಕಿತ್ತು, ಬುಡದಿಂದ ಸ್ವಲ್ಪ ಮೇಲೆ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿಯಷ್ಟೇ ಮುಳುಗುವಂತೆ ಹಿಡಿದೆ. ಕೆಲವು ನಿಮಿಷಗಳಲ್ಲಿ ಹಾಲಿನಂತಹ ಎಳೆಯೊಂದು ನೇರವಾಗಿ ಕೆಳಗಿಳಿಯಿತು. ದುಂಡಾಣು ಸೊರಗು ರೋಗ. ಆ ಎಳೆಯಲ್ಲಿದ್ದದ್ದು ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ ಮತ್ತು ಅದು ಸುರಿಸಿದ ಲೋಳೆ.

ಬ್ಯಾಕ್ಟೀರಿಯಾಗಳ ಈ ಲೋಳೆಪದರ, ಬಯೋಫಿಲ್ಮ್, ಪ್ರಯೋಗಾಲಯದಲ್ಲಿ ನನಗೆ ಹಳೆಯ ಪರಿಚಯ. ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಗುಳಿಗಳಲ್ಲಿ ಬೆಳೆಸಿ, ತೊಳೆದು, ಕ್ರಿಸ್ಟಲ್ ವಯೊಲೆಟ್ ಎಂಬ ಬಣ್ಣ ಹಾಕಿದರೆ ಅಂಟಿಕೊಂಡವು ನೇರಳೆ ಉಂಗುರವಾಗಿ ಉಳಿಯುತ್ತವೆ. ಅದರ ಗಾಢತೆಯನ್ನು ಅಳೆಯುತ್ತಲೇ ತಿಂಗಳುಗಳನ್ನು ಕಳೆದವಳು ನಾನು. ಅದೇ ಲೋಳೆ ನೀರಿನ ನಾಳಗಳನ್ನು ಕಟ್ಟಿ ಗಿಡವನ್ನು ಬಾಡಿಸುವುದನ್ನು ಕಂಡದ್ದು ಅಂದೇ.

"ಒಳಗೆ ಹೊಕ್ಕಾಗ ಇವು ಕೆಲವೇ ಇರುತ್ತವೆ ಅಪ್ಪ. ಆಗ ಲೋಳೆ ಹೆಚ್ಚು ಸುರಿಸುವುದಿಲ್ಲ. ಈಜುತ್ತವೆ, ಅಂಟುತ್ತವೆ, ತಿಂದು ಹೆಚ್ಚುತ್ತವೆ. ಪಂಕ್ತಿ ತುಂಬಿದ ಮೇಲೆ ಬಡಿಸುತ್ತಾರಲ್ಲ, ಹಾಗೆ."

"ತುಂಬಿತೆಂದು ಅವಕ್ಕೆ ಹೇಗೆ ಗೊತ್ತು?"

ಎಷ್ಟು ಒಳ್ಳೆಯ ಪ್ರಶ್ನೆ! ಪ್ರತಿಯೊಂದು ಜೀವಕೋಶವೂ ಒಂದು ರಾಸಾಯನಿಕವನ್ನು ಹೊರಬಿಡುತ್ತಿರುತ್ತದೆ. ಅವುಗಳ ಸಂಖ್ಯೆ ಮಿಲಿಲೀಟರಿಗೆ ಸುಮಾರು 1 ಕೋಟಿ ದಾಟಿದಾಗ ಆ ರಾಸಾಯನಿಕ ದಟ್ಟವಾಗಿ, ಪಿಎಚ್‌ಸಿಎ ಎಂಬ ನಿಯಂತ್ರಕ ಪ್ರೋಟೀನ್ ಚುರುಕಾಗುತ್ತದೆ. ಎಲ್ಲವೂ ಒಟ್ಟಿಗೆ ಲೋಳೆ ಸುರಿಸತೊಡಗುತ್ತವೆ. ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಇನ್ನೊಂದು: ಪದರ ಅತಿ ದಪ್ಪವಾದರೆ ತಾವೇ ಅದರಲ್ಲಿ ಸಿಕ್ಕಿಬಿದ್ದು ಗಿಡದೊಳಗೆ ಹಬ್ಬಲಾರವು. ಅದಕ್ಕೆಂದೇ ಪದರದೊಳಗಿನ ಡಿಎನ್‌ಎ ಎಳೆಗಳನ್ನು ಕತ್ತರಿಸುವ ಕಿಣ್ವಗಳನ್ನೂ ಸ್ರವಿಸುತ್ತವೆ.

"ಯಾವ ಔಷಧಿ ಹೊಡೆಯೋಣ?" ನಾಳದೊಳಗೆ ಲೋಳೆ ಹೊದ್ದು ಕುಳಿತದ್ದನ್ನು ಸಿಂಪಡಣೆ ಮುಟ್ಟಲಾರದು ಎಂದು ಹೇಳುವಾಗ ನನ್ನ ಗಂಟಲು ಕಟ್ಟಿತು. ಬಾಡಿದವನ್ನು ಬೇರುಸಹಿತ ಕಿತ್ತು ಸುಡಬೇಕು. ಹರಿಯುವ ನೀರು ರೋಗವನ್ನು ಮುಂದಿನ ಸಾಲಿಗೆ ಒಯ್ಯುತ್ತದೆ. ಮುಂದಿನ ಬಾರಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂತಹ ನಿರೋಧಕ ತಳಿ ಹಾಕಬಹುದು.

ಅಪ್ಪ ಎದ್ದು ಹೋಗಿ ವಾಲ್ವ್ ಮುಚ್ಚಿದರು. ಹಿಂತಿರುಗಿ ಲೋಟವನ್ನು ಎತ್ತಿಕೊಂಡು, ಕೆಳಗಿನ ಪಕ್ಕದವರ ಹೊಲದತ್ತ ಒಮ್ಮೆ ನೋಡಿ, "ಇದನ್ನು ಎಲ್ಲಿ ಚೆಲ್ಲಲಿ?" ಎಂದರು.

ಮನೆಗೆ ಒಯ್ದು, ಒಲೆಯ ಮೇಲಿಟ್ಟು ಕುದಿಸಿದೆವು.