ಗಗನಚುಕ್ಕಿಯ ಪಕ್ಕದ ಪವರ್ ಹೌಸ್

ಮಂಡ್ಯದಿಂದ ಬೆಳಿಗ್ಗೆ ಹೊರಟು, ಮಳವಳ್ಳಿಯಲ್ಲಿ ತಿಂಡಿ ಮುಗಿಸಿ ಶಿವನಸಮುದ್ರಕ್ಕೆ ಹೋದೆವು. ಮಳೆಗಾಲ. ಕನ್ನಂಬಾಡಿಯಿಂದ ಜಾಸ್ತಿ ನೀರು ಬಿಟ್ಟಿದ್ದರು. ಗಗನಚುಕ್ಕಿಯ ಸದ್ದು ಕಣಿವೆಯ ಈಚೆಗೂ ಚೆನ್ನಾಗಿ ಕೇಳುತ್ತಿತ್ತು.

ಬಂದವರೆಲ್ಲ ಜಲಪಾತ ನೋಡಿ, ಫೋಟೊ ತೆಗೆದುಕೊಂಡು ಹೊರಡುತ್ತಾರೆ. ನನಗೆ ಮಾತ್ರ ಕೆಳಗಿನ ಪವರ್ ಹೌಸ್ ಮೇಲೆಯೇ ಕಣ್ಣು. ಒಳಗೆ ಹೋಗಲು ಅನುಮತಿ ಬೇಕು, ನಮ್ಮ ಹತ್ತಿರ ಇರಲಿಲ್ಲ. ನದಿಯ ನೀರನ್ನು ಮೇಲೆಯೇ ಕಾಲುವೆಗೆ ತಿರುಗಿಸಿ, ದಪ್ಪ ಕೊಳವೆಗಳಲ್ಲಿ ಕಣಿವೆಗೆ ಇಳಿಸುತ್ತಾರೆ. ಆ ರಭಸಕ್ಕೆ ಟರ್ಬೈನ್ ತಿರುಗುತ್ತದೆ.

ಇದು ಶುರುವಾಗಿದ್ದು 1902ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಹಟ ಹಿಡಿದು ಮಾಡಿಸಿದ ಕೆಲಸ, ಎಂಜಿನಿಯರ್ ಡಿ ಲಾಟ್‌ಬಿನಿಯರ್. ದೊಡ್ಡ ದೊಡ್ಡ ಯಂತ್ರಗಳನ್ನು ಆನೆ, ಗಾಡಿ ಕಟ್ಟಿ ಇಲ್ಲಿಗೆ ಎಳೆದು ತಂದರು. ಮೊದಲ ಕರೆಂಟು ಹೋಗಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಅಷ್ಟು ಉದ್ದದ ತಂತಿ ಆಗ ಜಗತ್ತಿನಲ್ಲೇ ಅಪರೂಪ. ಅದನ್ನು ನೋಡಲು ಅಯ್ಯರ್ ಇರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಇದನ್ನು ನೆನೆದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ.

ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಾಳೆ. ಗಣಿಗೆ ಮಾತ್ರ ಆಗ ವರ್ಷವಿಡೀ ಕರೆಂಟು ಬೇಕಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾಗಲು ಇದೂ ಒಂದು ದೊಡ್ಡ ಕಾರಣ. ನಾವು ಮಂಡ್ಯದವರು ಆ ಕಟ್ಟೆಯನ್ನು ಬರೀ ಗದ್ದೆಯ ಲೆಕ್ಕದಲ್ಲಿ ನೋಡುತ್ತೇವೆ, ಅಲ್ವಾ? ಕಟ್ಟೆ ಆದ ಮೇಲೆ ವಿಶ್ವೇಶ್ವರಯ್ಯ ನಾಲೆ ಬಂತು, ನಾಲೆಯ ಹಿಂದೆ ಕಬ್ಬು, ಕಬ್ಬಿನ ಹಿಂದೆ 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ. ನಮ್ಮೂರ ಆಲೆಮನೆಯ ಬೆಲ್ಲದ ಹಿಂದೆಯೂ ಈ ಕಣಿವೆಯ ಟರ್ಬೈನ್ ಇದೆ.

ಮಧ್ಯಾಹ್ನ ಭರಚುಕ್ಕಿಗೂ ಹೋದೆವು. ಕಾವೇರಿ ಇಲ್ಲಿ ಎರಡು ಕವಲಾಗುತ್ತಾಳೆ, ಇದು ಪೂರ್ವದ ಕವಲು. ಅಗಲವಾಗಿ, ನೂರಾರು ಎಳೆಯಾಗಿ ಬೀಳುತ್ತದೆ. ಚಂದ ಅಂದರೆ ಇದೇ ಜಾಸ್ತಿ ಚಂದ.

ವಾಪಸ್ ಬರುವಾಗ ಮತ್ತೆ ಗಗನಚುಕ್ಕಿ ಕಡೆ ನಿಂತೆವು. ಪವರ್ ಹೌಸ್ ಈಗಲೂ ಕೆಲಸ ಮಾಡುತ್ತಿದೆ, ಸಾಮರ್ಥ್ಯ 42 ಮೆಗಾವಾಟ್. ನೀವು ಹೋದರೆ ಮಕ್ಕಳಿಗೆ ಜಲಪಾತದ ಜೊತೆ ಆ ಕೊಳವೆಗಳನ್ನೂ ತೋರಿಸಿ. ಮಳೆಗಾಲದಲ್ಲಿ ಜಾರುಬಂಡೆಗಳ ಕಡೆ ಮಾತ್ರ ಇಳಿಯಬೇಡಿ.