ನಾನು ಕಾಟು ಹೊಡೆದ 'ರೆ'

ಆ ಜ್ಯೂರಿ, ಅಂದರೆ ಕೊನೆ ವರ್ಷದ ಪ್ರಾಜೆಕ್ಟ್ ನೋಡಿ ಅಂಕ ಹಾಕುವ ಕಾರ್ಯಕ್ರಮ, ಮುಗಿದು ಎರಡು ಸೆಮಿಸ್ಟರ್ ಆಯಿತು. ಆದರೂ ಹನ್ನೊಂದೂ ಮುಕ್ಕಾಲರ ಸ್ಲಾಟ್ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾನು ಡಿಸೈನ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕೊನೆ ವರ್ಷದ ಪ್ರಾಜೆಕ್ಟ್‌ಗಳಿಗೆ ಗೈಡ್. 'ನಿಮ್ಮ ಭಾಷೆ ಚೆನ್ನಾಗಿದೆ ಅಲ್ವಾ ಮೇಡಂ' ಎಂಬ ಒಂದೇ ಕಾರಣಕ್ಕೆ ಇಡೀ ಬ್ಯಾಚಿನ ರಿಪೋರ್ಟ್ ತಿದ್ದುವ ಕೆಲಸವೂ ನನ್ನ ತಲೆಗೇ ಬಂದಿದೆ. ಇದು ವರ್ಕ್‌ಲೋಡ್ ಶೀಟ್‌ನಲ್ಲಿ ಬರುವುದಿಲ್ಲ. ಕೇಳಿದರೆ, 'ರಿಪೋರ್ಟ್ ಅಂದ್ರೆ ಡಾಕ್ಯುಮೆಂಟೇಶನ್ ತಾನೇ' ಅನ್ನುತ್ತಾರೆ. ಅಂಕ ಹಾಕುವ ಪಟ್ಟಿ ಇದೆಯಲ್ಲ, ಆ ರೂಬ್ರಿಕ್‌ನಲ್ಲಿ ಅದಕ್ಕೆ 10 ಅಂಕ. ಸಸ್ಟೈನಬಿಲಿಟಿಗೆ (ಸುಸ್ಥಿರತೆಗೆ) ಅಂಕವೂ ಇಲ್ಲ, ಟಿಕ್ ಹಾಕಲು ಒಂದು ಚೌಕ ಇದೆ. ಟೆಂಪ್ಲೇಟ್‌ನಲ್ಲಿ 'ಸಸ್ಟೈನಬಿಲಿಟಿ ಸ್ಟೇಟ್‌ಮೆಂಟ್' ಅಂತ ಒಂದು ಡಬ್ಬಿ. ನೂರು ಪದ ದಾಟಿದರೆ ಫಾರ್ಮ್ಯಾಟಿಂಗ್ ಒಡೆದುಹೋಗುತ್ತದೆ. ಇಷ್ಟೆಲ್ಲ ಆದಮೇಲೆ ಆ ರಿಪೋರ್ಟನ್ನು ಒಂದೇ ಮಗ್ಗುಲಿಗೆ ಪ್ರಿಂಟ್ ಹಾಕಿಸಿ, ಮೂರು ಪ್ರತಿ ಹಾರ್ಡ್ ಬೈಂಡ್ ಮಾಡಿಸಿ ಕೊಡಬೇಕು. ಕಾಗದ ಉಳಿಸುವ ಪ್ರಾಜೆಕ್ಟ್ ಮಾಡಿದವರೂ ಹಾಗೇ ಕೊಡುತ್ತಾರೆ.

ಆ ವರ್ಷ ನನ್ನ ಪಾಲಿಗೆ ಆರು ಜನ. ಅವರಲ್ಲಿ ಒಬ್ಬಳು ಮಾತು ಕಡಿಮೆ, ಕೆಲಸ ಜಾಸ್ತಿ. ಪ್ಲಾಸ್ಟಿಕ್ ಚೀಲದ ಬದಲು ಮತ್ತೆ ಮತ್ತೆ ಬಳಸುವ ಹತ್ತಿ ಚೀಲ ಅವಳ ಪ್ರಾಜೆಕ್ಟ್. ಬ್ರೀಫ್ ನೋಡಿ ನಾನು ಮೂಗು ಮುರಿದಿದ್ದೆ. ಪ್ರತಿ ವರ್ಷ ಯಾರಾದರೊಬ್ಬರು ಚೀಲ ಮಾಡಿಯೇ ಮಾಡುತ್ತಾರೆ. ಆದರೆ ಇವಳ ಚೀಲ ನಿಜಕ್ಕೂ ಚೆಂದ ಇತ್ತು. ಮಡಚಿದರೆ ಅಂಗೈಯಷ್ಟು. ಹಿಡಿಕೆ ಕೈಗೂ ಬರುತ್ತದೆ, ಹೆಗಲಿಗೂ ಬರುತ್ತದೆ. ಅಂಚಿಗೆ ಕೈಹೊಲಿಗೆ. ಆ ಅಂಚಿನ ಹೊಲಿಗೆ ನನ್ನ ಸಲಹೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಅವಳು 20 ಚೀಲ ಹೊಲಿದು 20 ಜನರಿಗೆ ಕೊಟ್ಟಿದ್ದಳು. ಪ್ರತಿ ಚೀಲದ ಒಳಜೇಬಿನಲ್ಲಿ ಒಂದು ಚಿಕ್ಕ ಕಾರ್ಡು. ಬಳಸಿದಾಗಲೆಲ್ಲ ತಾರೀಕು ಬರೆದು ಒಂದು ಗೀಟು ಎಳೆಯಬೇಕು. ಎಂಟು ವಾರ ಆದಮೇಲೆ ಕಾರ್ಡು ವಾಪಸ್ ತಂದಳು. ಪರ್ಸೋನಾ (ಕಲ್ಪಿತ ಬಳಕೆದಾರ), ಜರ್ನಿ ಮ್ಯಾಪ್ (ಅವರ ಬಳಕೆಯ ಹೆಜ್ಜೆಗಳ ನಕ್ಷೆ) ಅಂತ ಗೋಡೆ ತುಂಬ ಸ್ಟಿಕಿ ನೋಟ್ ಅಂಟಿಸುವವರ ನಡುವೆ ಇದು ಎಷ್ಟು ಸರಳ, ಎಷ್ಟು ಗಟ್ಟಿ ರಿಸರ್ಚ್ ಅಂತ ಆಗ ನನಗೆ ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಸಬ್ಮಿಷನ್ ತಾರೀಕು ಓಡುತ್ತಿತ್ತು.

ಅವಳ ಮೊದಲ ಡ್ರಾಫ್ಟ್ ಇನ್ನೂ ನನ್ನ ಬಳಿ ಇದೆ. ಮೂವತ್ನಾಲ್ಕನೇ ಪುಟದಲ್ಲಿ ಹೀಗೆ ಬರೆದಿದ್ದಳು:

"ಈ ಚೀಲ ಪ್ಲಾಸ್ಟಿಕ್‌ಗಿಂತ ಒಳ್ಳೆಯದು ಎಂದು ಈಗಲೇ ಹೇಳಲು ಆಗುವುದಿಲ್ಲ. ಐವತ್ತಕ್ಕಿಂತ ಜಾಸ್ತಿ ಸಲ ಬಳಸಿದರೆ, ಅದೂ ಹವಾಮಾನದ ಲೆಕ್ಕ ಒಂದನ್ನೇ ನೋಡಿದರೆ, ಒಳ್ಳೆಯದಾಗಬಹುದು. ನನ್ನ ಟ್ರಯಲ್‌ನಲ್ಲಿ ಯಾರೂ 15 ಸಲ ಕೂಡ ಬಳಸಲಿಲ್ಲ. ಮೊದಲ ಎರಡು ವಾರ ಗೀಟು ಜಾಸ್ತಿ, ಆಮೇಲೆ ಕಡಿಮೆ. ನಾಲ್ಕು ಜನ ಚೀಲ ಚೆಂದ ಇದೆ, ಕೊಳೆಯಾಗುತ್ತದೆ ಎಂದು ಎತ್ತಿಟ್ಟಿದ್ದಾರೆ."

ನನ್ನ ಕೆಂಪು ಪೆನ್ನು ಇದರ ಮೇಲೆ ಉದ್ದಕ್ಕೆ ಓಡಿದೆ. ಪಕ್ಕದಲ್ಲಿ ನನ್ನದೇ ಅಕ್ಷರ: 'ಯಾಕಿಷ್ಟು ಅನುಮಾನ? ನೇರವಾಗಿ ಹೇಳು.' ಕೆಳಗೆ ನಾನೇ ಬರೆದುಕೊಟ್ಟ ವಾಕ್ಯ: 'ಮರುಬಳಕೆಯ ಈ ಹತ್ತಿ ಚೀಲ ಪ್ಲಾಸ್ಟಿಕ್ ಚೀಲಕ್ಕೆ ಪರಿಸರಸ್ನೇಹಿ ಪರ್ಯಾಯ.'

ಓದಲು ಎಷ್ಟು ನಯವಾಗಿದೆ ಅಲ್ವಾ? ಡಬ್ಬಿಯಲ್ಲೂ ಹಿಡಿಸುತ್ತದೆ.

ಅವಳು ಒಂದೇ ಒಂದು ಸಲ ತಕರಾರು ಮಾಡಿದಳು. "ಮೇಡಂ, ಎಂಟು ವಾರದ ಕಾರ್ಡು ನೋಡಿದ್ರೆ ಹಾಗನ್ಸಲ್ಲ." ನಾನು ಹೇಳಿದೆ, "ಎಂಟೇ ವಾರ ತಾನೇ? ಜನ ಚೀಲನ ವರ್ಷಗಟ್ಟಲೆ ಇಟ್ಕೊಳ್ತಾರೆ. ಸುಮ್ನೆ ನಿನ್ನ ಪ್ರಾಜೆಕ್ಟನ್ನ ನೀನೇ ಯಾಕೆ ಕಡಿಮೆ ಮಾಡ್ಕೊಳ್ತೀಯಾ?" ಇಟ್ಟುಕೊಳ್ಳುವುದು ಬೇರೆ, ಬಳಸುವುದು ಬೇರೆ. ಅವಳ ಕಾರ್ಡುಗಳು ಹೇಳುತ್ತಿದ್ದುದೇ ಅದು. ಕಾರ್ಡುಗಳ ಭಾಗ 'ಅನೆಕ್ಡೋಟಲ್', ಬರೀ ಅವರಿವರ ಅನುಭವದ ಮಾತು, ಅಂತ ಪೂರ್ತಿ ತೆಗೆಸಿದೆ. ಸ್ಯಾಂಪಲ್ ಚಿಕ್ಕದು, ಜ್ಯೂರಿ ಅದನ್ನೇ ಹಿಡಿದುಕೊಂಡು ಪ್ರಶ್ನೆ ಮಾಡುತ್ತದೆ ಅನ್ನುವುದು ನನ್ನ ಲೆಕ್ಕಾಚಾರ.

ಜ್ಯೂರಿ ದಿನ ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಆಗಿ ಬಂದವರು ಎಲ್‌ಸಿಎ, ಅಂದರೆ ಒಂದು ವಸ್ತು ತಯಾರಾಗುವುದರಿಂದ ಕಸವಾಗುವವರೆಗೆ ಪರಿಸರಕ್ಕೆ ಆಗುವ ಹೊರೆ ಅಳೆಯುವ ಕೆಲಸ ಮಾಡಿದವರು. ಗೊತ್ತಾಗಿದ್ದು ಆ ದಿನ ಬೆಳಿಗ್ಗೆ. ಜ್ಯೂರಿಗೆ ಯಾರು ಬರುತ್ತಾರೆ ಅಂತ ಗೈಡ್‌ಗಳಿಗೆ ಮೊದಲೇ ಹೇಳುವ ಪದ್ಧತಿ ನಮ್ಮಲ್ಲಿಲ್ಲ.

ಅವಳ ಪ್ರೆಸೆಂಟೇಶನ್ ಚೆನ್ನಾಗಿಯೇ ಆಯಿತು. ಪ್ರೋಟೋಟೈಪ್ ಕೈಯಿಂದ ಕೈಗೆ ಹೋಯಿತು. ಅಂಚಿನ ಹೊಲಿಗೆಯನ್ನು ಇಬ್ಬರು ಹೊಗಳಿದರು. ನಾನು ಹಿಂದಿನ ಕುರ್ಚಿಯಲ್ಲಿ ಕೂತು ಒಳಗೊಳಗೇ ಹಿಗ್ಗುತ್ತಿದ್ದೆ. ಎಕ್ಸ್‌ಟರ್ನಲ್ ಮಾತ್ರ ಚೀಲ ಮುಟ್ಟಲಿಲ್ಲ. ರಿಪೋರ್ಟ್ ತಿರುವುತ್ತಿದ್ದರು. ಆಮೇಲೆ ತಲೆ ಎತ್ತಿ ತುಂಬ ಮೆತ್ತಗೆ ಕೇಳಿದರು:

"ಪರಿಸರಸ್ನೇಹಿ ಅಂತ ಬರೆದಿದ್ದೀಯಲ್ಲಮ್ಮ, ಎಷ್ಟು ಸಲ ಬಳಸಿದ ಮೇಲೆ?"

ಅವಳಿಗೆ ಉತ್ತರ ಗೊತ್ತಿತ್ತು. ಆ ಕೋಣೆಯಲ್ಲಿ ಅವರನ್ನು ಬಿಟ್ಟರೆ ಉತ್ತರ ಗೊತ್ತಿದ್ದದ್ದು ಅವಳೊಬ್ಬಳಿಗೇ. ಆದರೆ ಹೇಳಿದರೆ ಅವಳ ರಿಪೋರ್ಟೇ ಸುಳ್ಳಾಗುತ್ತದೆ. ಹೇಳದಿದ್ದರೆ ಅವಳೇ ದಡ್ಡಿಯಾಗುತ್ತಾಳೆ. ಅವಳು ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. 'ಈಗ ಏನು ಹೇಳಲಿ ಮೇಡಂ' ಅಂತ ಕೇಳುವ ಹಾಗಿತ್ತು, ಅಷ್ಟೇ.

ಫ್ಯಾನಿನ ಸದ್ದು ಕೇಳುತ್ತಿತ್ತು. ಯಾರೋ ಪೆನ್ನಿನ ಟೋಪಿ ತೆಗೆದು ಹಾಕುತ್ತಿದ್ದರು. ಆಗಲೇ ನಾನು ಬಾಯಿ ಬಿಟ್ಟು 'ಅದು ನನ್ನ ವಾಕ್ಯ' ಅಂದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಬಾಯಿ ಬಿಟ್ಟೆ, ನಿಜ. ಬಂದ ಮಾತು, "ಇದು ಕಾನ್ಸೆಪ್ಟ್ ಲೆವೆಲ್‌ನಲ್ಲಿ ಸರ್."

"ಕಾನ್ಸೆಪ್ಟ್ ಲೆವೆಲ್ ಆದ್ರೆ ಇಷ್ಟು ಗಟ್ಟಿಯಾಗಿ ಯಾಕೆ ಬರೀಬೇಕು?" ಅಂದರು. ನನಗಲ್ಲ, ಅವಳಿಗೇ. "ಟ್ರಯಲ್ ಮಾಡಿದ್ಯಾ?"

"ಮಾಡಿದ್ದೀನಿ ಸರ್."

"ಎಲ್ಲಿದೆ ಇದರಲ್ಲಿ?" ಪುಟ ತಿರುವಿದರು. ಒಂದು, ಎರಡು, ಐದು. ದಪ್ಪ ಕಾಗದ ಬೇರೆ, ಒಂದೊಂದು ಪುಟವೂ ಸದ್ದು ಮಾಡುತ್ತಿತ್ತು.

"ಇಲ್ಲ ಸರ್. ತೆಗೆದೆ."

ತೆಗೆದೆ ಅಂದಳು. ತೆಗೆಸಿದರು ಅನ್ನಲಿಲ್ಲ. ಆ ಒಂದು ಮಾತು ಈಗಲೂ ಚುಚ್ಚುತ್ತದೆ.

ಆಮೇಲೆ ಅವಳೇ ಬ್ಯಾಗಿಗೆ ಕೈ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿದ ಕಾರ್ಡಿನ ಕಟ್ಟು ತೆಗೆದು ಮೇಜಿನ ಮೇಲೆ ಹರಡಿದಳು. ಎಕ್ಸ್‌ಟರ್ನಲ್ ಕನ್ನಡಕ ಮೇಲೆ ಮಾಡಿ ಒಂದೊಂದನ್ನೇ ನೋಡಿದರು. ಗೀಟೇ ಇಲ್ಲದ ನಾಲ್ಕು ಕಾರ್ಡುಗಳನ್ನು ಬೇರೆ ಇಟ್ಟು, "ಇವರು?" ಅಂದರು. "ಚೆಂದ ಇದೆ ಅಂತ ಎತ್ತಿಟ್ಟಿದ್ದಾರೆ ಸರ್. ಅಂಚು ಕೊಳೆಯಾಗುತ್ತೆ ಅಂದ್ರು." ಅವರು ನಕ್ಕರು. "ಇದೇ ಅಲ್ವೇನಮ್ಮ ನಿನ್ನ ಪ್ರಾಜೆಕ್ಟು!" ಅಂದರು. ಇಪ್ಪತ್ತು ನಿಮಿಷದ ಸ್ಲಾಟ್ ಮೂವತ್ತೈದಾಯಿತು. ಮುಂದಿನ ಹುಡುಗ ಬಾಗಿಲ ಸಂದಿಯಿಂದ ಎರಡು ಸಲ ಇಣುಕಿ ಹೋದ.

ಅವಳು ಹೊರಗೆ ಹೋದಮೇಲೆ, ಅಂಕ ಹಾಕುವಾಗ, ನಾನು ಹೇಳಿದೆ. ಆ ವಾಕ್ಯ ನನ್ನದು, ಟ್ರಯಲ್ ತೆಗೆಸಿದ್ದೂ ನಾನೇ ಅಂತ. ಪಕ್ಕದಲ್ಲಿದ್ದ ಸಹೋದ್ಯೋಗಿ, "ಬಿಡಿ ಮೇಡಂ, ಯಾವ ಗೈಡ್ ತಿದ್ದಲ್ಲ?" ಅಂದರು. ಡಾಕ್ಯುಮೆಂಟೇಶನ್‌ಗೆ ಹತ್ತಕ್ಕೆ ಐದು ಬಂತು. ಪೋರ್ಟಲ್‌ನಲ್ಲಿ ಒಮ್ಮೆ ಎಂಟ್ರಿ ಆದರೆ ಬದಲಿಸಲು ಆಗುವುದಿಲ್ಲವಂತೆ. ಕಳೆದುಹೋದ ಆ ಐದು ಅಂಕ ನನ್ನದು. ಅವಳೆದುರು ಹೇಳಬೇಕಾದ್ದನ್ನು ಅವಳ ಬೆನ್ನ ಹಿಂದೆ ಹೇಳಿದೆ.

ಆ ರಾತ್ರಿ ಕೂತು ಅವಳು ಓದಿದ್ದ ಎರಡು ವರದಿಗಳನ್ನು ನಾನೂ ಓದಿದೆ. ಗೈಡ್ ಆಗಿ ಆರು ತಿಂಗಳ ಹಿಂದೆಯೇ ಓದಬೇಕಿತ್ತು. ಬ್ರಿಟನ್ನಿನ ಪರಿಸರ ಸಂಸ್ಥೆಯ 2011ರ ಅಧ್ಯಯನದ ಪ್ರಕಾರ ಹವಾಮಾನದ ಲೆಕ್ಕದಲ್ಲಿ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮ ಆಗಲು ಹತ್ತಿ ಚೀಲವನ್ನು 131 ಸಲ ಬಳಸಬೇಕು. ಆ ಪ್ಲಾಸ್ಟಿಕ್ ಚೀಲಗಳಲ್ಲಿ ನೂರಕ್ಕೆ 40ನ್ನು ಜನ ಮನೆಯ ಕಸದ ಬುಟ್ಟಿಗೆ ಒಳಚೀಲವಾಗಿ ಮತ್ತೆ ಬಳಸುತ್ತಾರೆ ಅಂತ ಹಿಡಿದರೆ, 173 ಸಲ. ಡೆನ್ಮಾರ್ಕಿನ 2018ರ ಅಧ್ಯಯನದಲ್ಲಿ ಅದೇ ಹವಾಮಾನಕ್ಕೆ 52 ಸಾಕು. ಅಲ್ಲಿ ಹೋಲಿಸಿದ್ದು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ. ಅದೇ ವರದಿಯಲ್ಲಿ ಹವಾಮಾನದ ಜೊತೆ ಪರಿಸರಹಾನಿಯ ಉಳಿದೆಲ್ಲ ಸೂಚಕಗಳನ್ನೂ ಸೇರಿಸಿದರೆ 7,100. ಅಷ್ಟು ದೊಡ್ಡ ಸಂಖ್ಯೆ ಬರಲು ಕಾರಣ ಓಝೋನ್ ಪದರದ ಸೂಚಕ ಒಂದೇ. ಎಲ್ಲೆಂದರಲ್ಲಿ ಬಿಸಾಡಿದ ಪ್ಲಾಸ್ಟಿಕ್ಕಿನ ಹಾನಿ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅಂದರೆ 52, 131, 7,100, ಯಾವುದನ್ನು ಬೇಕಾದರೂ ಕಿತ್ತು ಪೋಸ್ಟರ್ ಮೇಲೆ ಹಾಕಬಹುದು. ಯಾರ ಪರವಾಗಿ ಬೇಕಾದರೂ ವಾದ ಮಾಡಬಹುದು. ಸಂಖ್ಯೆಯ ಬೆನ್ನಿಗಿರುವ 'ಬಳಸಿದರೆ', 'ಹೋಲಿಸಿದರೆ', 'ಸೇರಿಸಿದರೆ' ಇವುಗಳಲ್ಲೇ ವಿಷಯ ಇರುವುದು. ನಾನು ಕಾಟು ಹೊಡೆದದ್ದು ಸರಿಯಾಗಿ ಆ 'ರೆ'ಗಳಿಗೇ.

ಇನ್ನೊಂದು ವಿಷಯ ಎಕ್ಸ್‌ಟರ್ನಲ್ ಊಟದ ಬ್ರೇಕ್‌ನಲ್ಲಿ ಹೇಳಿದ್ದು. ಐಎಸ್‌ಒ 14021 ಅಂತ ಒಂದು ಸ್ಟ್ಯಾಂಡರ್ಡ್ ಇದೆ. ತಯಾರಕರು ತಮ್ಮ ವಸ್ತುವಿನ ಬಗ್ಗೆ ತಾವೇ ಪರಿಸರದ ವಿಷಯದಲ್ಲಿ ಹೇಳಿಕೊಳ್ಳುವ ಮಾತುಗಳಿಗೆ ಸಂಬಂಧಿಸಿದ್ದು. 'ಪರಿಸರಸ್ನೇಹಿ', 'ಹಸಿರು' ಇಂಥ ಗೊತ್ತುಗುರಿಯಿಲ್ಲದ ಪದಗಳನ್ನು ಬಳಸಲೇಬಾರದು ಅನ್ನುತ್ತದೆ. ಒಂದು ವಸ್ತು ಸಸ್ಟೈನಬಲ್ ಅಂತಲೂ ಹೇಳಿಕೊಳ್ಳುವಂತಿಲ್ಲ. ಮೊದಲ ಆವೃತ್ತಿ ಬಂದದ್ದು 1999ರಲ್ಲಿ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಆಗ ಹುಟ್ಟಿಯೇ ಇರಲಿಲ್ಲ. ನಮ್ಮ ಟೆಂಪ್ಲೇಟ್ ಮಾತ್ರ ಇವತ್ತಿಗೂ ಆ ಪದವನ್ನೇ ಬೇಡುತ್ತದೆ.

ನಾನು ಯಾಕೆ ಹಾಗೆ ಮಾಡಿದೆ ಅಂತ ತುಂಬ ಸಲ ಯೋಚಿಸಿದ್ದೇನೆ. ಸ್ಟುಡಿಯೋದಲ್ಲಿ ಯಾರಾದರೂ ಸ್ಕೆಚ್ ತಂದರೆ, ಹತ್ತು ಗೆರೆ ಎಳೆದು ಒಂದನ್ನು ಹುಡುಕಿದ್ದು ಕಂಡರೆ ನನಗೆ ಖುಷಿ. ಬೇಕಾದ ಗೆರೆಯ ಸುತ್ತ ಬೇಡದ ಗೆರೆಗಳೂ ಇರಲಿ, ಅಳಿಸಬೇಡ ಅನ್ನುತ್ತೇನೆ. ಅದೇ ಹುಡುಗಿ ಬರಹದಲ್ಲಿ ತಡವರಿಸಿದರೆ ಕೆಂಪು ಪೆನ್ನು. ಮೊದಲ ವರ್ಷದವರಿಗೆ ಡಿಸೈನ್ ರಿಸರ್ಚ್ ಬಗ್ಗೆ ಬ್ರಿಟನ್ನಿನ ವಿದ್ವಾಂಸ ಕ್ರಿಸ್ಟೋಫರ್ ಫ್ರೇಲಿಂಗ್ 1993ರಲ್ಲಿ ಮಾಡಿದ ವಿಂಗಡಣೆ ಹೇಳಿಕೊಡುವವಳೂ ನಾನೇ. ಡಿಸೈನ್ ಬಗ್ಗೆ ರಿಸರ್ಚ್, ಡಿಸೈನ್ ಮೂಲಕ ರಿಸರ್ಚ್, ಡಿಸೈನ್‌ಗೋಸ್ಕರ ರಿಸರ್ಚ್. 'ಮೂಲಕ' ಅನ್ನುವುದಕ್ಕೆ ಹತ್ತು ನಿಮಿಷ ವಿವರಣೆ ಕೊಡುತ್ತೇನೆ. ಮಾಡುತ್ತಾ ಏನು ತಿಳಿಯಿತು ಅನ್ನುವುದನ್ನು ಬರೆದಿಡದಿದ್ದರೆ ಅದು ಬರೀ ಮಾಡಿದ ವಸ್ತು, ರಿಸರ್ಚ್ ಅಲ್ಲ, ಅಂತಲೂ ಹೇಳುತ್ತೇನೆ. ಸ್ಲೈಡ್ ಮೇಲೆ ಸರಿಯಾಗಿಯೇ ಇದೆ. ಕೆಲಸಕ್ಕೆ ಬಂದಾಗ ಮಾತ್ರ 'ಮೊದಲು ಡಿಸೈನ್ ಮುಗಿಸು, ಬರೆಯೋದು ಕೊನೆ ವಾರ ನೋಡ್ಕೊಳ್ಳೋಣ' ಅನ್ನುತ್ತಿದ್ದೆ. ಚೀಲ ಚೆಂದವಾದಷ್ಟೂ ಜನ ಬಳಸುವುದಿಲ್ಲ ಅನ್ನುವುದನ್ನು ಅವಳು ಕಂಡುಕೊಂಡದ್ದು ಹೊಲಿಗೆ ಮೆಷಿನ್ ಮುಂದೆ ಅಲ್ಲ. ಕಾರ್ಡುಗಳನ್ನು ಎದುರಿಗಿಟ್ಟುಕೊಂಡು ಆ ಪ್ಯಾರಾ ಬರೆಯುವಾಗ. ಆ ಪ್ಯಾರಾ ಒಂದು ತಿಂಗಳು ಮೊದಲೇ ಬಂದಿದ್ದರೆ ನನ್ನ ಅಂಚಿನ ಹೊಲಿಗೆ ಕಿತ್ತು ಹಾಕಿ, ಕೊಳೆ ಕಾಣದ ಗಾಢ ಬಣ್ಣ ಹಚ್ಚಿ ಇನ್ನೊಂದು ಟ್ರಯಲ್ ಮಾಡುತ್ತಿದ್ದಳೋ ಏನೋ.

ಈಗ ಶುಕ್ರವಾರ ಅರ್ಧ ಪುಟ ಬರೆಸುತ್ತೇನೆ. ಅಂಕ ಇಲ್ಲ, ತಿದ್ದುವುದೂ ಇಲ್ಲ. ಈ ವಾರ ಏನು ಅಂದುಕೊಂಡಿದ್ದೆ, ಏನು ಆಯಿತು, ಅಷ್ಟೇ. ಅರ್ಧ ಜನ ಗೊಣಗುತ್ತಾರೆ. ಕೆಲವರು ಎಐಗೆ ಕೊಟ್ಟು ನಯ ಮಾಡಿಸಿಕೊಂಡು ತರುತ್ತಾರೆ. ಓದಿದ ತಕ್ಷಣ ಗೊತ್ತಾಗುತ್ತದೆ. 'ಗೊತ್ತಾಗಲಿಲ್ಲ', 'ಆದರೆ', 'ಇರಬಹುದು' ಎಲ್ಲ ಮಾಯವಾಗಿ ಎಲ್ಲವೂ ಯಶಸ್ವಿಯಾಗಿರುತ್ತದೆ. ಬೈಯಲು ಬಾಯಿ ಬರುವುದಿಲ್ಲ. ನಾನು ಪುಕ್ಕಟೆ ಮಾಡುತ್ತಿದ್ದ ಕೆಲಸವೇ ಅದು.

ಡಬ್ಬಿ ತೆಗೆಯಿರಿ ಅಂತ ಎರಡು ಮೀಟಿಂಗ್‌ನಲ್ಲಿ ಹೇಳಿದೆ. 'ಅಕ್ರೆಡಿಟೇಶನ್ ಮುಗೀಲಿ ಮೇಡಂ' ಅಂದರು. ಸದ್ಯಕ್ಕೆ ನನ್ನ ವಿದ್ಯಾರ್ಥಿಗಳು ಆ ಡಬ್ಬಿಯಲ್ಲಿ 'ಪುಟ 34 ನೋಡಿ' ಅಂತ ಬರೆಯುತ್ತಾರೆ. ಪದ ಮಿತಿಗೆ ಏನೂ ತೊಂದರೆಯಿಲ್ಲ.

ಅವಳ ಹತ್ತಿರ ಕ್ಷಮೆ ಕೇಳಿದ್ದು ರಿಸಲ್ಟ್ ಬಂದಮೇಲೆ, ಕಾರಿಡಾರಿನಲ್ಲಿ ನಿಂತುಕೊಂಡೇ. "ಪರವಾಗಿಲ್ಲ ಮೇಡಂ" ಅಂದಳು. ಆಮೇಲೆ ಸ್ವಲ್ಪ ತಡೆದು, "ಆದ್ರೆ ನಾನು ಇನ್ನೊಂದ್ಸಲ ಹೇಳ್ಬೇಕಿತ್ತು" ಅಂದಳು. ಹೋಗುವಾಗ ಜ್ಯೂರಿಗೆ ತೋರಿಸಿದ್ದ ಚೀಲವನ್ನು ನನಗೇ ಕೊಟ್ಟು ಹೋದಳು. ಒಳಜೇಬಿನಲ್ಲಿ ಹೊಸ ಕಾರ್ಡು ಇತ್ತು.

ಹೋದ ವಾರ ಮೆಸೇಜ್ ಮಾಡಿದ್ದಳು. 'ಮೇಡಂ, ನನ್ನ ಚೀಲ 61. ನಿಮ್ಮದು ಎಷ್ಟಾಯ್ತು?'

ಎಣಿಸಿದೆ. ಒಂಬತ್ತು. ಅಂಚು ಇನ್ನೂ ಹೊಸದರ ಹಾಗೇ ಇದೆ.