ಬೇವಿನ ಗಿಡ ಬರೆದ ದಿನ

29 ಜನವರಿ 2019, ಮಂಗಳವಾರ
ವಿಜಯಪುರ

ಬೆಳಿಗ್ಗೆ ಏಳಕ್ಕೆ ವಿಶ್ವವಿದ್ಯಾಲಯದ ಗೇಟು ದಾಟಿದಾಗ ಇನ್ನೂ ಚಳಿ ಇತ್ತು. ಕಾಂಪೌಂಡಿನ ಆಚೆ ಹೊಲದಲ್ಲಿ ಬಿಳಿಜೋಳ ತೆನೆ ಹಿಡಿದು ನಿಂತಿದೆ. ನಾನೇ ಮೊದಲು ಬಂದೆ ಅಂದುಕೊಂಡಿದ್ದೆ. ಆದರೆ ನಮ್ಮ ಜೊತೆ ಹೊರಗೆ ಕೂತು ಚಿತ್ರ ಬರೆಯಲು ಚೀನಾದಿಂದ ಬಂದ ಆರೂ ಜನ ಕಲಾವಿದರು ಆಗಲೇ ಗ್ರಂಥಾಲಯದ ಹಿಂದಿನ ಬೇವಿನ ಗಿಡದ ಕೆಳಗೆ ಕೂತಿದ್ದರು. ನಮ್ಮ ಕಡೆ ಎಷ್ಟೇ ದೊಡ್ಡ ಮರ ಇದ್ದರೂ ಗಿಡ ಅಂತಲೇ ಅನ್ನೋದು. ಅದಕ್ಕೇ ಹಾಗೇ ಬರೆಯುತ್ತೇನೆ.

ಇವರೆಲ್ಲ ಹಾಂಗ್‌ಝೌ ಊರಿನವರು. ದೊಡ್ಡ ಕೆರೆಯ ಊರು ಅದು, ಗಾಳಿಯಲ್ಲೇ ತೇವ ಇರುತ್ತದೆ. ನಿನ್ನೆ ಊರು ತೋರಿಸಲು ಕರೆದುಕೊಂಡು ಹೋಗಿದ್ದೆವು. ಗೋಳಗುಮ್ಮಟದ ಮುಂದಿನ ನಗಾರಖಾನೆಯ ಮ್ಯೂಸಿಯಂನಲ್ಲಿ ಹಳೆಯ ಚೀನಾ ಪಿಂಗಾಣಿ ಇದೆಯಲ್ಲ, ಅದರ ಮುಂದೆ ತುಂಬಾ ಹೊತ್ತು ನಿಂತುಬಿಟ್ಟರು. ತಮ್ಮ ದೇಶದ ಮಣ್ಣು ಆದಿಲ್‌ಶಾಹಿ ಕಾಲದ ಊರಿನಲ್ಲಿ ಸಿಕ್ಕಿತಲ್ಲ ಅಂತ ಅವರಿಗೆ ಖುಷಿ. ಅರಕಿಲ್ಲೆಯೊಳಗೆ, ಅಂದರೆ ಒಳಕೋಟೆಯಲ್ಲಿ, ಚೀನಿ ಮಹಲ್ ಅಂತಲೇ ಒಂದು ಕಟ್ಟಡ ಇದೆ, ಅಲ್ಲಿ ಪಿಂಗಾಣಿಯ ಚೂರುಗಳು ಸಿಕ್ಕಿದ್ದಕ್ಕೆ ಆ ಹೆಸರು ಬಂತು ಅನ್ನುತ್ತಾರೆ ಅಂತ ಹೇಳಿದಾಗ, ಹಿರಿಯ ಮೇಡಂ ಅದನ್ನು ತಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಂಡರು.

ಆ ಮೇಡಂಗೆ ಅರವತ್ತು ದಾಟಿರಬೇಕು. ಜೊತೆಗೆ ಬಂದ ಕಲಾವಿದರು ಅವರನ್ನು 'ಲಾವ್‌ಶಿ' ಅಂತ ಕರೆಯುತ್ತಾರೆ, ಗುರುಗಳು ಅಂತ ಅರ್ಥ. ನಮ್ಮ ಹುಡುಗರು ಒಂದೇ ದಿನದಲ್ಲಿ ಅದನ್ನು 'ಲಾವ್‌ಶಿ ಮೇಡಂ' ಮಾಡಿಕೊಂಡಿದ್ದಾರೆ.

ನಾನು ನನ್ನ ಬೋರ್ಡಿಗೆ ಕಾಗದ ಕ್ಲಿಪ್ ಹಾಕಿ, ಟ್ಯೂಬ್ ಹಿಂಡಿ, ಆಕಾಶಕ್ಕೆ ತೆಳು ನೀರುಬಣ್ಣದ ವಾಶ್ ಕೊಡುವಷ್ಟರಲ್ಲಿ ಅವರಿನ್ನೂ ಮಸಿ ಅರೆಯುತ್ತಿದ್ದರು. ಕಪ್ಪು ಕಲ್ಲಿನ ಮೇಲೆ ಒಂದಿಷ್ಟು ನೀರು, ಅದರಲ್ಲಿ ಮಸಿಯ ಕಡ್ಡಿಯನ್ನು ನೆಟ್ಟಗೆ ಹಿಡಿದು ಸುತ್ತಿಸೋದು. ಹೊಗೆಯ ಕಾಡಿಗೆಗೆ ಅಂಟು ಬೆರೆಸಿ ಒಣಗಿಸಿದ ಕಡ್ಡಿ ಅದು. ಅರೆಯುವಾಗ ಒಮ್ಮೆಯೂ ಕಲ್ಲು ನೋಡಲಿಲ್ಲ. ಕಣ್ಣು ಪೂರ್ತಿ ಗಿಡದ ಮೇಲೆ. ಅರೆಯೋದು ಕೈಗೆ ಕೆಲಸ, ನೋಡೋದಕ್ಕೆ ಸಮಯ. ಟ್ಯೂಬಿನಲ್ಲಿ ಬಣ್ಣ ಬರುವ ನಮಗೆ ಈ ಹದಿನೈದು ನಿಮಿಷ ತಪ್ಪಿಹೋಗಿದೆ ಅಂತ ನನಗೆ ನಿಜವಾಗಿಯೂ ಅನ್ನಿಸಿತು.

ಕಾಗದ ಶುವಾನ್. ಆನ್‌ಹುಯಿ ಪ್ರಾಂತ್ಯದ ಜಿಂಗ್ ಎಂಬಲ್ಲಿ ಒಂದು ಜಾತಿಯ ಮರದ ತೊಗಟೆಗೆ ಭತ್ತದ ಹುಲ್ಲು ಸೇರಿಸಿ ಮಾಡುತ್ತಾರೆ. ಈ ಕಸುಬನ್ನು 2009ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಮುಟ್ಟಿದರೆ ಹತ್ತಿಯ ಬಟ್ಟೆಯಷ್ಟು ಮೆತ್ತಗೆ. ಕುಂಚ ತಾಗಿದ ಕೂಡಲೇ ಮಸಿ ಹರಡುತ್ತದೆ. ಒಮ್ಮೆ ಬಿದ್ದ ಗೆರೆಯನ್ನು ಅಳಿಸಲು ಆಗದು, ತಿದ್ದಲೂ ಆಗದು.

ಆದರೆ ನಮ್ಮ ಊರಿನ ಗಾಳಿ! ಒಂಬತ್ತರ ಹೊತ್ತಿಗೆ ಬಿಸಿಲು ಏರಿತು, ಒಣ ಗಾಳಿ ಬೀಸತೊಡಗಿತು. ಮೇಡಂ ಕಾಗದಕ್ಕೆ ನೀರು ಸವರಿ ಮಸಿ ತರುವಷ್ಟರಲ್ಲಿ ನೀರು ಆರಿರುತ್ತಿತ್ತು. ಹಬ್ಬಬೇಕಾದ ಮಸಿ ನಿಂತಲ್ಲೇ ನಿಂತಿತು. ಮೂರು ಹಾಳೆ ಹಾಗೇ ಹೋದವು. ಕಾಗದದ ಕೆಳಗೆ ಹಾಸಲು ಅವರು ತಂದಿದ್ದ ಉಣ್ಣೆಯ ಬಟ್ಟೆಯೂ ಚಿಕ್ಕದು. ಆಗ ನಮ್ಮ ಎಂ.ವಿ.ಎ. (ದೃಶ್ಯಕಲೆಯ ಸ್ನಾತಕೋತ್ತರ) ಓದುವ ಹುಡುಗನೊಬ್ಬ ಹಾಸ್ಟೆಲ್ಲಿಗೆ ಓಡಿ ತನ್ನ ಅಜ್ಜನ ಕರಿ ಕಂಬಳಿ ತಂದ. ಅದನ್ನು ನಾಲ್ಕು ಮಡಿಕೆ ಮಾಡಿ, ನೀರು ಚಿಮುಕಿಸಿ, ಅದರ ಮೇಲೆ ಕಾಗದ ಹಾಸಿದೆವು. ಕೆಳಗಿನ ತಂಪಿಗೆ ಕಾಗದ ಬೇಗ ಆರಲಿಲ್ಲ. ಮಸಿ ಮೆಲ್ಲಗೆ ಹಬ್ಬಿತು, ಕಪ್ಪಿನಿಂದ ಬೂದಿಗೆ, ಬೂದಿಯಿಂದ ಹೊಗೆಯ ಬಣ್ಣಕ್ಕೆ. ಮೇಡಂ ಕಂಬಳಿಯನ್ನು ಕೈಯಿಂದ ಸವರಿ ಆ ಹುಡುಗನ ಬೆನ್ನು ತಟ್ಟಿದರು.

ಅಷ್ಟರಲ್ಲಿ ಗಿಡಗಳಿಗೆ ನೀರು ಬಿಡುವ ಕಾಕಾ ಪೈಪು ಕೆಳಗಿಟ್ಟು ಬಂದು ನೋಡುತ್ತ ನಿಂತರು. ಚಿತ್ರ ಚಂದ ಬಂದಿತ್ತು, ಬೊಡ್ಡೆಯಂತೂ ಎರಡೇ ಎಳೆತದಲ್ಲಿ ಎದ್ದು ನಿಂತಿತ್ತು. ಕಾಕಾ ಸ್ವಲ್ಪ ಹೊತ್ತು ನೋಡಿ, "ಸರ, ಬೊಡ್ಡಿ ಭಾಳ ಚಂದ ಆಗ್ಯಾದ. ಆದ್ರ ಎಲಿ ನಮ್ ಬೇವಿಂದಲ್ರೀ. ಬಿದಿರಿನಂಗ ಕಾಣಸ್ತಾವ" ಅಂದರು.

ನನಗೆ ಸಂಕೋಚ ಆಯಿತು. ಆದರೂ ಜೊತೆಗೆ ಬಂದಿದ್ದ ದುಭಾಷಿ ಹುಡುಗಿಗೆ ಹೇಳಿದೆ, ಅವಳು ಮೇಡಂಗೆ ಹೇಳಿದಳು. ಮೇಡಂ ಕುಂಚ ಕೆಳಗಿಟ್ಟರು. ಎದ್ದು ಕಾಕಾನ ಮುಂದೆ ಕೈ ಚಾಚಿದರು. ಕಾಕಾ ಒಂದು ಟೊಂಗೆ ಮುರಿದು ಕೊಟ್ಟರು.

ಆಮೇಲಿನ ಅರ್ಧ ಗಂಟೆಯನ್ನು ನಾನು ಮರೆಯೋದಿಲ್ಲ. ಮೇಡಂ ಟೊಂಗೆಯನ್ನು ಬಿಳಿ ಹಾಳೆಯ ಮೇಲೆ ಇಟ್ಟು ನೋಡಿದರು. ಒಂದು ಎಲೆ ಕಚ್ಚಿ ಕಹಿಗೆ ಮುಖ ಕಿವಿಚಿದರು, ಆದರೆ ಉಗುಳಲಿಲ್ಲ. ಒಂದು ಕಡ್ಡಿಯ ಮೇಲಿನ ಎಲೆ ಎಣಿಸಿದರು, 14. ಬೆರಳಿನಿಂದ ನಮಗೆ ತೋರಿಸುತ್ತ ಹೋದರು. ಬೇವಿನೆಲೆ ನೆಟ್ಟಗಿಲ್ಲ, ಕುಡುಗೋಲಿನ ಹಾಗೆ ಬಾಗಿದೆ. ಅಂಚಿಗೆ ಗರಗಸದ ಹಲ್ಲು. ನಡುವಿನ ನರದ ಎರಡೂ ಕಡೆ ಒಂದೇ ಅಗಲ ಇಲ್ಲ, ಬುಡದಲ್ಲಿ ಒಂದು ಮಗ್ಗುಲು ಜಾಸ್ತಿ. ಮತ್ತೆ ಕಡ್ಡಿಯ ತುದಿ ನೋಡಿ ಅಂದರು. ತುದಿಯಲ್ಲಿ ಇರಬೇಕಾದ ಒಂಟಿ ಎಲೆ ಇರಲಿಲ್ಲ. ಗಿಡದಲ್ಲಿ ಬೇರೆ ಕಡ್ಡಿಗಳನ್ನು ನೋಡಿದೆವು, ಬಹಳಷ್ಟರಲ್ಲಿ ಇಲ್ಲ.

ನಾನು ಬೇವಿನ ಗಿಡದ ನೆರಳಲ್ಲೇ ಬೆಳೆದವನು. ಪ್ರತಿ ಯುಗಾದಿಗೆ ಬೇವು ಕಿತ್ತು ತಂದಿದ್ದೇನೆ. ಮಕ್ಕಳಿಗೆ ಲೋವರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಎಷ್ಟೋ ಸಲ ಬೇವಿನ ಟೊಂಗೆ ಕೊಟ್ಟು ಕೂರಿಸಿದ್ದೇನೆ. ತುದಿಯ ಎಲೆ ಇಲ್ಲ ಅನ್ನೋದು ಇವತ್ತು ಕಂಡಿತು.

ಮೇಡಂ ಹಳೆಯ ಹಾಳೆಯೊಂದರ ಮೇಲೆ ಬರೀ ಎಲೆ ಬರೆಯುತ್ತ ಕೂತರು. ಕುಂಚ ಒತ್ತಿ, ತಿರುಗಿಸಿ, ಎತ್ತೋದು. ಇಪ್ಪತ್ತು, ಮೂವತ್ತು ಎಲೆ. ಬಿದಿರಿಗೆ ಪಳಗಿದ ಕೈ ಮೊದಮೊದಲು ನೆಟ್ಟಗೇ ಎಳೆಯುತ್ತಿತ್ತು, ಆಮೇಲೆ ನಿಧಾನಕ್ಕೆ ಬಾಗತೊಡಗಿತು. ಕಾಕಾ ಪಕ್ಕದಲ್ಲೇ ಕೂತು ನೋಡಿದರು. ಕೊನೆಗೆ, "ಈಗ ಬೇವು ಆತು ನೋಡ್ರಿ" ಅಂದರು. ಅದನ್ನು ಯಾರೂ ಭಾಷಾಂತರ ಮಾಡಬೇಕಾಗಲಿಲ್ಲ.

ಊಟದ ಹೊತ್ತಿಗೆ ದುಭಾಷಿಯನ್ನು ಕೇಳಿದೆ, ಹೀಗೆ ಹೊರಗೆ ಕೂತು ಮಾಡುವ ಕೆಲಸಕ್ಕೆ ನಿಮ್ಮಲ್ಲಿ ಏನನ್ನುತ್ತೀರಿ? 'ಶಿಯೆ-ಶೆಂಗ್' ಅಂದಳು. ಶಿಯೆ ಅಂದರೆ ಬರೆಯೋದು, ಶೆಂಗ್ ಅಂದರೆ ಜೀವ. ಜೀವವನ್ನು ಬರೆಯೋದು. ನಾನು ರೊಟ್ಟಿ ಮುರಿಯೋದು ಬಿಟ್ಟೆ. ನಾವೂ ಚಿತ್ರ 'ಬರೀತೀವಿ' ಅಲ್ವಾ! "ಚಿತ್ರಾ ಬರ್ಯಾಕತ್ತೀ ಏನೋ" ಅಂತಲೇ ನಮ್ಮವ್ವ ಕೇಳುತ್ತಿದ್ದಳು. ಇದನ್ನು ಹೇಳಿದಾಗ ಮೇಡಂ ತಾಟು ಬದಿಗಿಟ್ಟು 'ಬರಿ' ಅನ್ನೋ ಶಬ್ದವನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡರು. ಆಮೇಲೆ ಅವರು ಶು ಬೇಹಾಂಗ್ ಅವರ ಮಾತು ತೆಗೆದರು. ಚೀನಾದ ಆ ದೊಡ್ಡ ಚಿತ್ರಕಾರ ಟ್ಯಾಗೋರರ ಕರೆಗೆ 1939ರಲ್ಲಿ ಶಾಂತಿನಿಕೇತನಕ್ಕೆ ಬಂದಿದ್ದರು. 1940ರಲ್ಲಿ ಅಲ್ಲಿಗೆ ಬಂದ ಗಾಂಧೀಜಿಯನ್ನು ಎದುರಿಗೇ ನೋಡಿ ಬರೆದರು. ಫೋಟೋ ನೋಡಿ ಅಲ್ಲ.

ನಮ್ಮ ಹುಡುಗರು ಈಗ ಜಾಸ್ತಿ ಮೊಬೈಲಿನ ಫೋಟೋ ನೋಡಿಯೇ ಬರೆಯುತ್ತಾರೆ. ಬೈದಿದ್ದೇನೆ, ಬುದ್ಧಿ ಹೇಳಿದ್ದೇನೆ. ಇವತ್ತು ಮಧ್ಯಾಹ್ನ ಹೇಳದೇನೇ ಐದಾರು ಜನ ಒಂದೊಂದು ಟೊಂಗೆ ಹಿಡಿದು ನೆರಳಿಗೆ ಕೂತರು. ಒಬ್ಬಳು ಎಲೆಯ ಹಲ್ಲು ಎಣಿಸುತ್ತಿದ್ದಳು.

ಸಂಜೆ ಮೇಡಂ ಚಿತ್ರಕ್ಕೆ ಕೆಂಪು ಮುದ್ರೆ ಒತ್ತಿ, ಎರಡೂ ಕೈಯಲ್ಲಿ ಹಿಡಿದು ಕಾಕಾನಿಗೆ ಕೊಟ್ಟರು. ಕಾಕಾ ಅಂಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು.

ನಾಳೆ ಬೆಳಿಗ್ಗೆ ಆರೂವರೆಗೆ ನಮ್ಮೂರಿನ ಹಳೆಯ ಗೋರಿಕಟ್ಟಡ ಇಬ್ರಾಹಿಂ ರೋಜಾಕ್ಕೆ ಹೋಗೋದು. ಕಂಬಳಿಗೆ ಮಸಿ ಇಳಿದಿದೆ, ಕರಿ ಉಣ್ಣೆಯಲ್ಲಿ ಕಾಣೋದಿಲ್ಲ. ಆ ಹುಡುಗ ನಾಳೆಗೂ ಇರಲಿ ಅಂತ ನನ್ನ ಹತ್ತಿರವೇ ಬಿಟ್ಟುಹೋಗಿದ್ದಾನೆ. ಮನೆಯ ಅಂಗಳದ ಹಗ್ಗಕ್ಕೆ ಹಾಕಿದ್ದೇನೆ, ಬೆಳಗಿನೊಳಗೆ ಆರುತ್ತದೆ.